ತಳ್ಳಲು ಇಳಿದವಳು

“ಗುರುಗಳೇ, ಕಾರೆಂದರೆ ನನಗೆ ಚಿಕ್ಕಂದಿನಿಂದ ಪ್ರಾಣ. ಸ್ವಂತ ವ್ಯವಹಾರ ಆರಂಭಿಸಲು ಅಷ್ಟು ಸಾಕಲ್ಲವೇ?”

ಹೀಗೆ ಕೇಳಿದವನು ಉಮಾಪತಿ ಎಂಬ ಶಿಷ್ಯ. ಅವನ ತಂದೆಗೆ ಪೇಟೆಯಲ್ಲಿ ಜವಳಿ ಅಂಗಡಿ ಇತ್ತು. ಮಗ ಅದನ್ನೇ ನೋಡಿಕೊಂಡು ಹೋಗಲಿ ಎಂಬುದು ತಂದೆಯ ಆಸೆ. ಮಗನಾದರೋ ಪೇಟೆಯ ಇನ್ನೊಂದು ತುದಿಯಲ್ಲಿ ಒಂದು ಮಳಿಗೆ ನೋಡಿದ್ದ. ಅಲ್ಲಿ ಹಳೆಯ ಕಾರುಗಳನ್ನು ತಂದು ಮಾರುವ ಯೋಚನೆ. ಬೋರ್ಡು ಕೂಡ ಬರೆಸಿಯಾಗಿತ್ತು. ತಂದೆಗೆ ಮಾತ್ರ ಇನ್ನೂ ಹೇಳಿರಲಿಲ್ಲ. ನಾಳೆ ಹೇಳುವುದೆಂದು ನಿಶ್ಚಯಿಸಿ, ಇಂದು ಗುರುಗಳ ಬಾಯಿಂದ ‘ಸಾಕು’ ಎಂಬ ಒಂದು ಮಾತು ಪಡೆಯಲು ಬಂದಿದ್ದ.

“ನೆಟ್ಟಗೆ ಕೂತುಕೋ,” ಎಂದರು ಗುರುಗಳು.

ಅವನು ನೆಟ್ಟಗೆ ಕೂತ.

“ಕಾರಿನಲ್ಲಿ ನಿನಗೆ ಪ್ರಿಯವಾದದ್ದು ಯಾವುದು?”

“ಎಲ್ಲವೂ, ಗುರುಗಳೇ.”

“‘ಎಲ್ಲವೂ’ ಎಂಬುದು ಉತ್ತರವಲ್ಲ. ಒಂದು ಕತೆ ಹೇಳುತ್ತೇನೆ. ನಡುವೆ ಏನು ಕೇಳಬೇಕೆನಿಸಿದರೂ ಕೇಳು. ಸಂಕೋಚ ಬೇಡ.”

ಗುರುಗಳು ಹೇಳತೊಡಗಿದರು.

ಒಂದು ಊರಿನಲ್ಲಿ ಒಬ್ಬ ಡಾಕ್ಟರು ಇದ್ದರು. ಇಡೀ ಬೀದಿಗೆ ಅವರದೊಂದೇ ಕಾರು. ವಯಸ್ಸಿನಲ್ಲಿ ಅದು ಡಾಕ್ಟರಿಗಿಂತ ಸ್ವಲ್ಪವೇ ಚಿಕ್ಕದು. ದಿನವೂ ಬೆಳಿಗ್ಗೆ ಎಂಟು ಗಂಟೆಗೆ ಡಾಕ್ಟರು ಅದರಲ್ಲಿ ಕೂತು ಕೀಲಿ ತಿರುಗಿಸುವರು. ಕಾರು ಎರಡು ಸಲ ಕೆಮ್ಮಿ ಸುಮ್ಮನಾಗುವುದು. ಆಗ ಡಾಕ್ಟರು ಕಿಟಕಿಯಿಂದ ತಲೆ ಹೊರಗೆ ಹಾಕಿ ಬೀದಿಯ ಎರಡೂ ಕಡೆ ನೋಡುವರು. ಬಾಯಿ ಬಿಟ್ಟು ಕರೆಯಬೇಕಾದದ್ದಿಲ್ಲ. ಶಾಲೆಗೆ ಹೊರಟ ಮಕ್ಕಳೆಲ್ಲ ಓಡಿ ಬಂದು ಕಾರಿನ ಹಿಂದೆ ಸೇರಿಕೊಳ್ಳುವರು. ಬೀದಿ ಕೊಂಚ ಇಳಿಜಾರು. ಮಕ್ಕಳು ತಳ್ಳಿದಂತೆ ಕಾರು ಉರುಳುವುದು. ಒಂದು ಕಡೆ ಎಂಜಿನ್ನು ಥಟ್ಟನೆ ಎಚ್ಚೆತ್ತು, ಎಲ್ಲರ ಮುಖಕ್ಕೂ ಹೊಗೆ ಬಿಟ್ಟು, ಕಾರು ಹೊರಟೇ ಹೋಗುವುದು.

ಆ ಮಕ್ಕಳಲ್ಲಿ ಒಬ್ಬ ಹುಡುಗಿ ಇದ್ದಳು. ಕಾರೆಂದರೆ ಎಲ್ಲರಿಗೂ ಪ್ರೀತಿಯೇ. ಆದರೆ ಉಳಿದವರು ಕೂಗುತ್ತ ತಳ್ಳಿದರೆ ಅವಳು ಬಾಯಲ್ಲೇ ಎಣಿಸುತ್ತ ತಳ್ಳುತ್ತಿದ್ದಳು. ಎಷ್ಟನೆಯ ಹೆಜ್ಜೆಗೆ ಎಂಜಿನ್ನು ಏಳುತ್ತದೆ ಎಂಬುದು ಅವಳ ಲೆಕ್ಕ. ಚಳಿಗಾಲದಲ್ಲಿ ಹದಿಮೂರು ಹೆಜ್ಜೆ, ಬೇಸಿಗೆಯಲ್ಲಿ ಆರು.

ಒಂದು ದಿನ ಮಧ್ಯಾಹ್ನ ಶಾಲೆಗೆ ಊಟದ ಬಿಡುವಿತ್ತು. ಅವಳು ಮನೆಯ ಕಡೆ ಬರುತ್ತಿದ್ದಾಗ ಡಾಕ್ಟರು ಚೀಲ ಹಿಡಿದು ಅವಸರದಲ್ಲಿ ಹೊರಗೆ ಬಂದರು. ಯಾರದೋ ಮನೆಯಿಂದ ಕರೆ ಬಂದಿತ್ತು. ಕಾರಿನಲ್ಲಿ ಕೂತು ಕೀಲಿ ತಿರುಗಿಸಿದರು. ಕಾರು ಕೆಮ್ಮಲಿಲ್ಲ. ಒಂದೇ ಸಲಕ್ಕೆ ಹೊರಟಿತು.

ಹುಡುಗಿ ನಿಂತಲ್ಲೇ ನಿಂತಳು. ಸೊನ್ನೆ ಹೆಜ್ಜೆ! ಬೆಳಿಗ್ಗೆ ಹತ್ತು ಮಂದಿ ತಳ್ಳಿದ ಅದೇ ಕಾರು, ಅದೇ ಕೀಲಿ, ಅದೇ ಕೈ. ಮಧ್ಯಾಹ್ನಕ್ಕೆ ಏನಾಯಿತು?

ಬಾಗಿಲಲ್ಲಿ ಕಾಂಪೌಂಡರ್ ನಿಂತಿದ್ದ. ಡಾಕ್ಟರು ಬರೆದ ಔಷಧಿಯನ್ನು ಬೆರೆಸಿ ಕೊಡುವವನು ಅವನು. ಹುಡುಗಿ ಅವನನ್ನೇ ಕೇಳಿದಳು.

“ಬೆಳಿಗ್ಗೆ ನಿಮ್ಮನ್ನೆಲ್ಲ ಕಂಡರೆ ಅದಕ್ಕೆ ಸೋಮಾರಿತನ ಕಣಮ್ಮ,” ಎಂದ ಕಾಂಪೌಂಡರ್. “ಮಧ್ಯಾಹ್ನ ಇಲ್ಲಿ ನಾನೊಬ್ಬನೇ. ನಾನು ತಳ್ಳೋ ಆಸಾಮಿ ಅಲ್ಲ ಅಂತ ಅದಕ್ಕೂ ಗೊತ್ತು!”

ಅವಳಿಗೂ ನಗು ಬಂತು. ಆದರೆ ನಕ್ಕು ಮುಗಿದ ಮೇಲೂ ಪ್ರಶ್ನೆ ಇದ್ದಲ್ಲೇ ಇತ್ತು.

ಆಯುಧಪೂಜೆ ಬಂತು. ವರ್ಷವಿಡೀ ತಳ್ಳಿದ ಮಕ್ಕಳಿಗೆ ಅಂದು ಡಾಕ್ಟರು ಕಾರಿನಲ್ಲಿ ಊರೆಲ್ಲ ಒಂದು ಸುತ್ತು ತೋರಿಸುತ್ತಿದ್ದರು. ಆ ಒಂದು ಸುತ್ತಿಗಾಗಿ ಮಕ್ಕಳು ವರ್ಷವಿಡೀ ಕಾಯುವರು. ಕಾರನ್ನು ತೊಳೆದು, ಬಾಳೆಕಂದು ಕಟ್ಟಿ, ಚೆಂಡುಹೂವಿನ ಹಾರ ಹಾಕಿ, ಚಕ್ರಗಳ ಕೆಳಗೆ ನಿಂಬೆಹಣ್ಣು ಇಟ್ಟಾಗಿತ್ತು. ಎಲ್ಲರಿಗಿಂತ ಮೊದಲು ಬಂದವಳು ನಮ್ಮ ಹುಡುಗಿ. ಹಾಗಾಗಿ ಅವಳಿಗೆ ಕಿಟಕಿಯ ಪಕ್ಕದ ಸೀಟೇ ಸಿಕ್ಕಿತು. ಉಳಿದ ಒಂಬತ್ತು ಮಕ್ಕಳು ಒಬ್ಬರ ಮೇಲೊಬ್ಬರು ತುಂಬಿಕೊಂಡರು. ಡಾಕ್ಟರು ಕೀಲಿ ತಿರುಗಿಸಿದರು. ಕಾರು ಎರಡು ಸಲ ಕೆಮ್ಮಿ ಸುಮ್ಮನಾಯಿತು.

ಡಾಕ್ಟರು ರೂಢಿಯಂತೆ ತಲೆ ಹೊರಗೆ ಹಾಕಿ ಬೀದಿಯ ಎರಡೂ ಕಡೆ ನೋಡಿದರು. ಬೀದಿಯಲ್ಲಿ ಒಂದು ನರಪಿಳ್ಳೆಯೂ ಇರಲಿಲ್ಲ. ತಳ್ಳಬೇಕಾದವರೆಲ್ಲ ಒಳಗೆ ಕೂತಿದ್ದರು.

“ಯಾರಾದರೂ ಇಬ್ಬರು ಇಳೀರಪ್ಪ,” ಎಂದರು.

ಯಾರೂ ಅಲುಗಲಿಲ್ಲ. ಒಬ್ಬ ಕಾರಿನ ಚಾವಣಿಯನ್ನು ನೋಡತೊಡಗಿದ. ಇನ್ನೊಬ್ಬ, “ನಂಗೆ ಕಾಲು ನೋವು ಡಾಕ್ಟ್ರೇ, ನಿಮ್ಮ ಹತ್ರಾನೇ ಔಷಧಿ ತಗೊಂಡಿದ್ದೆ,” ಎಂದ. ಮತ್ತೊಬ್ಬ, “ಚಿಕ್ಕವರು ಇಳೀಲಿ,” ಎಂದ. ಎಲ್ಲರಿಗಿಂತ ಚಿಕ್ಕವನು, “ನಂಗೆ ಶಕ್ತಿ ಇಲ್ಲ. ನಾನು ದಿನಾ ಸುಮ್ನೆ ಕೈ ಇಡ್ತಿದ್ದೆ ಅಷ್ಟೇ,” ಎಂದುಬಿಟ್ಟ.

ಹುಡುಗಿ ಕಿಟಕಿಯ ಅಂಚನ್ನು ಬಿಗಿಯಾಗಿ ಹಿಡಿದುಕೊಂಡಿದ್ದಳು. ಆ ಸೀಟು ಅವಳಿಗೆ ಬೇಡವಾಗಿತ್ತೆಂದು ತಿಳಿಯಬೇಡ. ಎಲ್ಲರಷ್ಟೇ ಅವಳಿಗೂ ಬೇಕಾಗಿತ್ತು. ಅಷ್ಟರಲ್ಲಿ ಅವಳ ಮನಸ್ಸಿಗೆ ಒಂದು ಮಾತು ಹೊಳೆಯಿತು. ಕಾರು ಇಷ್ಟು ತುಂಬಿದ್ದು ಇದೇ ಮೊದಲು. ಇವತ್ತು ಎಷ್ಟು ಹೆಜ್ಜೆ ಬೇಕಾದೀತು?

ಆ ಮಾತು ಹೊಳೆದ ಮೇಲೆ ಅವಳಿಂದ ಕೂರಲಾಗಲಿಲ್ಲ. ಬಾಗಿಲು ತೆಗೆದು ಇಳಿದಳು. ಅವಳ ಜಾಗಕ್ಕೆ ಕಾಲು ನೋವಿನ ಹುಡುಗ ಕೂಡಲೇ ಜರುಗಿದ. ಕಾಂಪೌಂಡರ್ ಗೊಣಗುತ್ತ ಪಂಚೆ ಎತ್ತಿ ಕಟ್ಟಿಕೊಂಡು ಬಂದ. ಇಬ್ಬರೂ ತಳ್ಳಿದರು. ನಿಂಬೆಹಣ್ಣುಗಳು ಚಕ್ರದಡಿ ಅಪ್ಪಚ್ಚಿಯಾದವು. ಹತ್ತು, ಹನ್ನೆರಡು, ಹದಿನೈದು. ಹದಿನೇಳನೆಯ ಹೆಜ್ಜೆಗೆ ಎಂಜಿನ್ನು ಎದ್ದಿತು. ಕಾರು ಹೊರಟುಹೋಯಿತು. ಒಳಗಿದ್ದವರಲ್ಲಿ ಒಬ್ಬರೂ ಹಿಂತಿರುಗಿ ನೋಡಲಿಲ್ಲ.

ಹುಡುಗಿಯೂ ಅವರನ್ನು ನೋಡುತ್ತ ನಿಲ್ಲಲಿಲ್ಲ. ಕಾರು ಮೊದಲು ನಿಂತಿದ್ದ ಜಾಗಕ್ಕೆ ವಾಪಸು ಹೋಗಿ, ಲೆಕ್ಕ ತಪ್ಪಿರಬಾರದೆಂದು, ಇನ್ನೊಮ್ಮೆ ಹೆಜ್ಜೆ ಹಾಕಿ ಎಣಿಸಿದಳು.

“ಅಯ್ಯೋ ಪಾಪ!” ಎಂದ ಉಮಾಪತಿ. “ಆ ಕಿಟಕಿಯ ಸೀಟು ಆಮೇಲಾದರೂ ಅವಳಿಗೆ ಸಿಕ್ಕಿತೇ, ಗುರುಗಳೇ?”

“ಮರುವರ್ಷ ಸಿಕ್ಕಿತು,” ಎಂದು ಗುರುಗಳು ಮುಂದುವರಿಸಿದರು.

ಬೆಳಿಗ್ಗೆ ಏಳದ ಕಾರು ಮಧ್ಯಾಹ್ನ ಏಕೆ ಏಳುತ್ತದೆ ಎಂಬುದನ್ನು ಹುಡುಗಿ ಎರಡು ವರ್ಷ ಬಿಡದೆ ನೋಡಿದಳು. ಕೊನೆಗೆ ಕಾರಣ ಸಿಕ್ಕಿತು. ಡಾಕ್ಟರಿಗೆ ಹೇಳಿದಳು. ಅಂದಿನಿಂದ ಆ ಕಾರನ್ನು ಯಾರೂ ತಳ್ಳಬೇಕಾಗಲಿಲ್ಲ.

ಗುರುಗಳು ಇಲ್ಲಿ ಒಂದು ಕ್ಷಣ ನಿಲ್ಲಿಸಿದರು.

“ಮುಂದೆ ಹೇಳಿ, ಗುರುಗಳೇ,” ಎಂದ ಉಮಾಪತಿ.

ಮುಂದೆ ಅವಳು ಕಾರು, ಎಂಜಿನ್ನುಗಳ ವಿದ್ಯೆಯನ್ನೇ ಓದಿದಳು. ತರಗತಿಗೆ ಅವಳೊಬ್ಬಳೇ ಹೆಣ್ಣು. ಓದು ಮುಗಿಸಿ ಒಬ್ಬ ವರ್ತಕನ ಬಳಿ ಕೆಲಸಕ್ಕೆ ಸೇರಿದಳು. ವರ್ತಕನಿಗೆ ಕಾರು ಮಾರುವ ಮಳಿಗೆ ಇತ್ತು, ಅದಕ್ಕೆ ತಾಗಿಕೊಂಡು ದೊಡ್ಡ ಗ್ಯಾರೇಜು ಇತ್ತು. ಹನ್ನೆರಡು ವರ್ಷ ಅಲ್ಲಿ ದುಡಿದಳು. ಅವಳ ಕೈಗೆ ಬಂದ ಕಾರು ಎರಡನೆಯ ಸಲ ಅದೇ ದೂರಿಗೆ ಬರುತ್ತಿರಲಿಲ್ಲ.

ಒಂದು ಶನಿವಾರ ಒಬ್ಬ ನಿವೃತ್ತ ಪೋಸ್ಟ್‌ಮಾಸ್ಟರು ತಮ್ಮ ಹಳೆಯ ಕಾರನ್ನು ತಂದರು. “ನಮ್ಮ ಕಾರು ಶುಕ್ರವಾರ ಮಾತ್ರ ಸ್ಟಾರ್ಟ್ ಆಗೋದಿಲ್ಲ,” ಎಂದರು.

“ಶುಕ್ರವಾರ ಉಪವಾಸ ಹಿಡಿದಿರಬೇಕು ಸಾರ್,” ಎಂದ ಒಬ್ಬ ಮೆಕ್ಯಾನಿಕ್. ಗ್ಯಾರೇಜೆಲ್ಲ ನಕ್ಕಿತು.

ಕೀಲಿ ತಿರುಗಿಸಿ ನೋಡಿದರು. ಕಾರು ಒಂದೇ ಸಲಕ್ಕೆ ಎದ್ದಿತು. ‘ತೊಂದರೆ ಇಲ್ಲ’ ಎಂದು ಚೀಟಿಯಲ್ಲಿ ಬರೆದು ಕಳಿಸಿದರು. ಅದು ಆ ಕಾರು ಪಡೆದ ನಾಲ್ಕನೆಯ ಚೀಟಿ. ಎಲ್ಲರೂ ನಕ್ಕು ಮರೆತರು. ಅವಳು ಮಾತ್ರ ವರ್ತಕನ ಬಳಿಗೆ ಹೋಗಿ, ಶುಕ್ರವಾರ ಆ ಮನೆಗೇ ಹೋಗಿ ನೋಡಿ ಬರುತ್ತೇನೆಂದಳು.

“ರೋಗಿ ಆಸ್ಪತ್ರೆಗೆ ಬರಬೇಕಮ್ಮ,” ಎಂದ ವರ್ತಕ. “ಆಸ್ಪತ್ರೆ ಯಾವತ್ತಾದರೂ ರೋಗಿಯ ಮನೆಗೆ ಹೋದದ್ದುಂಟೇ?”

“ನಮ್ಮ ಬೀದಿಯ ಡಾಕ್ಟರು ಹೋಗುತ್ತಿದ್ದರು ಸಾರ್.”

ಅವಳು ರಜೆ ಹಾಕಿ, ಶುಕ್ರವಾರ ಬೆಳಿಗ್ಗೆ ಪೋಸ್ಟ್‌ಮಾಸ್ಟರ ಮನೆಯ ಎದುರು ಸುಮ್ಮನೆ ನಿಂತಳು. ಪೋಸ್ಟ್‌ಮಾಸ್ಟರ ಹೆಂಡತಿ ತಲೆಗೆ ಸ್ನಾನ ಮಾಡಿ, ತುಂಬಿದ ಬಿಂದಿಗೆಯೊಂದಿಗೆ ಬಂದರು. ಕಾರಿನ ಮುಂಭಾಗಕ್ಕೆ ತಂಬಿಗೆಯಿಂದ ನೀರು ಹೊಯ್ದರು. ಒಂದಲ್ಲ ಎರಡಲ್ಲ, ಐದು ತಂಬಿಗೆ. ಆಮೇಲೆ ಅರಿಸಿನ, ಕುಂಕುಮ, ಹೂವು. ಪೂಜೆ ಮುಗಿಯಿತು. ಪೋಸ್ಟ್‌ಮಾಸ್ಟರು ಬಂದು ಕೀಲಿ ತಿರುಗಿಸಿದರು. ಕಾರು ಏಳಲಿಲ್ಲ.

ಅವಳು ಬಾನೆಟ್ ಎತ್ತಿದಳು. ಕಿಡಿ ಹಾಯಿಸುವ ತಂತಿಗಳೆಲ್ಲ ತೊಯ್ದು ತೊಪ್ಪೆಯಾಗಿದ್ದವು. ಒಣ ಬಟ್ಟೆಯಿಂದ ಒಂದೊಂದನ್ನೂ ಒರೆಸಿದಳು. ಕಾರು ಎದ್ದಿತು.

“ಅಮ್ಮ, ಹೂವು ಎಷ್ಟಾದರೂ ಏರಿಸಿ. ನೀರು ಮಾತ್ರ ಚಕ್ರಕ್ಕೆ ಹಾಕಿ,” ಎಂದಳು.

“ಅಯ್ಯೋ ಶಿವನೇ! ಇದು ಹೊರಡಲಿ ಅಂತಲೇ ಕಣೇ ನಾನು ವಾರ ವಾರ ಒಂದು ತಂಬಿಗೆ ಹೆಚ್ಚಿಗೆ ಹಾಕ್ತಿದ್ದುದು!” ಎಂದು ಆಕೆ ಕೆನ್ನೆ ಕೆನ್ನೆ ಬಡಿದುಕೊಂಡರು. ಪೋಸ್ಟ್‌ಮಾಸ್ಟರು ನಕ್ಕು ನಕ್ಕು ಕಾರಿಗೇ ಒರಗಿಕೊಂಡರು.

ಆ ದಿನ ಅವಳಿಗೆ ತನ್ನ ಕೆಲಸ ಯಾವುದೆಂದು ತಿಳಿಯಿತು. ಕಾರು ಎಲ್ಲಿ ಹಟ ಮಾಡುತ್ತದೋ ಅಲ್ಲಿಗೆ ಹೋಗಬೇಕು, ಯಾವ ಹೊತ್ತಿಗೆ ಹಟ ಮಾಡುತ್ತದೋ ಆ ಹೊತ್ತಿಗೇ ಹೋಗಬೇಕು. ಅದನ್ನೇ ಸ್ವಂತ ವ್ಯವಹಾರವಾಗಿ ಮಾಡುತ್ತೇನೆಂದು ವರ್ತಕನಿಗೆ ಹೇಳಿದಳು.

ವರ್ತಕ ಕೆಟ್ಟವನಲ್ಲ. ಒಳ್ಳೆಯ ಕೆಲಸಗಾರ್ತಿಯನ್ನು ಬಿಟ್ಟುಕೊಡಲು ಅವನಿಗೆ ಮನಸ್ಸಿರಲಿಲ್ಲ. “ಗಾಜಿನ ಕೋಣೆ ಕೊಡುತ್ತೇನೆ, ಮ್ಯಾನೇಜರ್ ಆಗಿ ಕೂತುಕೋ,” ಎಂದ. “ಕೈಗೆ ಮಸಿ ಅಂಟುವುದು ಬೇಡ. ನಿನ್ನ ಹೆಸರಿಗೇ ಒಂದು ಹೊಸ ಕಾರು. ಆಯುಧಪೂಜೆಯ ದಿನ ಕೀಲಿ ಕೈಗಿಡುತ್ತೇನೆ. ಅಷ್ಟರೊಳಗೆ ಯೋಚಿಸಿ ಹೇಳು.”

ಉಮಾಪತಿ ಕೂತಲ್ಲಿಂದ ಮುಂದಕ್ಕೆ ಬಾಗಿದ. “ಯಾವ ಕಾರು, ಗುರುಗಳೇ?”

“ಬಿಳಿಯ ಕಾರು,” ಎಂದು ಗುರುಗಳು ಮುಂದುವರಿಸಿದರು.

ಅವಳ ಮನೆಯಲ್ಲಿ ಎಲ್ಲರೂ ಕಾರಿನ ಪಕ್ಷ. “ಕಂಡವರ ಕಾರು ಒರೆಸಿದ್ದು ಸಾಲದೇನೇ?” ಎಂದರು ತಾಯಿ. “ಅವತ್ತು ಕಿಟಕಿ ಪಕ್ಕದ ಸೀಟು ಬಿಟ್ಟು ಇಳಿದೆ. ದೇವರು ಮತ್ತೆ ಕೊಡ್ತಿದ್ದಾನೆ. ಈ ಸಲವಾದರೂ ತೆಪ್ಪಗೆ ಕೂತ್ಕೋ.”

ಅವಳಿಗೂ ಭಯವಿತ್ತು. ಬಿಟ್ಟ ಕೆಲಸ ಮತ್ತೆ ಸಿಕ್ಕುವುದಿಲ್ಲ. ಯಾರೂ ಕರೆಯದಿದ್ದರೆ ಹೋಗುವುದೆಲ್ಲಿಗೆ? ಪೂಜೆಗೆ ಎರಡು ದಿನ ಇರುವಾಗ ಅವಳು ಹಳೆಯ ಬೀದಿಗೆ, ಡಾಕ್ಟರ ಮನೆಗೆ ಹೋದಳು. ಡಾಕ್ಟರಿಗೆ ಈಗ ಕಣ್ಣು ಮಂಜು. ಧ್ವನಿಯಿಂದಲೇ ಗುರುತು ಹಿಡಿದರು. ಅವಳ ಮಾತನ್ನೆಲ್ಲ ಕೇಳಿ, ಒಂದೇ ಒಂದು ಪ್ರಶ್ನೆ ಹಾಕಿದರು.

“ಅವತ್ತು ನೀನು ಕಾರಿನಿಂದ ಯಾಕಮ್ಮ ಇಳಿದೆ? ನೀನು ಒಳ್ಳೆಯ ಹುಡುಗಿ, ಬೇರೆಯವರಿಗಾಗಿ ಇಳಿದೆ ಅಂತ ನಾನು ಇವತ್ತಿಗೂ ಎಲ್ಲರಿಗೂ ಹೇಳುತ್ತೇನೆ.”

“ಅದಕ್ಕಲ್ಲ ಡಾಕ್ಟ್ರೇ. ಎಷ್ಟು ಹೆಜ್ಜೆ ಬೇಕಾಗತ್ತೆ ಅಂತ ನೋಡಬೇಕಿತ್ತು.”

“ಎಷ್ಟು ಬೇಕಾಯಿತು?”

“ಹದಿನೇಳು.”

ಡಾಕ್ಟರು ಬಹಳ ಹೊತ್ತು ನಕ್ಕರು. “ಇಪ್ಪತ್ತೆಂಟು ವರ್ಷ ಆಯಿತಲ್ಲೇ! ಇನ್ನೂ ಬಾಯಿ ತುದಿಯಲ್ಲೇ ಇಟ್ಟುಕೊಂಡಿದ್ದೀಯಲ್ಲ! ಮತ್ತೆ ನನ್ನನ್ನೇನು ಕೇಳೋಕೆ ಬಂದೆ?”

ಆಯುಧಪೂಜೆಯ ದಿನ ಅವಳು ವರ್ತಕನಿಗೆ ನಮಸ್ಕಾರ ಹೇಳಿ ಬಂದಳು. ತನ್ನ ಉಪಕರಣಗಳ ಪೆಟ್ಟಿಗೆಗೆ ಕುಂಕುಮವಿಟ್ಟು, ಹಳೆಯ ಸ್ಕೂಟರಿನ ಚಕ್ರಕ್ಕೆ ನಿಂಬೆಹಣ್ಣು ಇಟ್ಟು ಹೊರಟಳು. ಮೊದಲ ತಿಂಗಳು ಇಬ್ಬರು ಕರೆದರು. ಎರಡನೆಯ ತಿಂಗಳು ಒಬ್ಬರೂ ಇಲ್ಲ. ತಾಯಿ ಊಟದ ತಟ್ಟೆಯನ್ನು ಸ್ವಲ್ಪ ಜೋರಾಗಿ ಇಡತೊಡಗಿದರು. ಅಷ್ಟರಲ್ಲಿ ಪೋಸ್ಟ್‌ಮಾಸ್ಟರ ಹೆಂಡತಿ ತಮ್ಮ ಐದು ತಂಬಿಗೆಯ ಕತೆಯನ್ನು ಊರ ತುಂಬ ತಾವೇ ಹೇಳಿಕೊಂಡು ನಕ್ಕಿದ್ದರು. ಮಳೆ ಬಂದಾಗ ಮಾತ್ರ ನಿಲ್ಲುವ ಕಾರು, ಮಾವನ ಮನೆಗೆ ಹೊರಟರೆ ಮಾತ್ರ ಬಿಸಿಯಾಗುವ ಕಾರು, ಎಲ್ಲೆಲ್ಲೋ ‘ತೊಂದರೆ ಇಲ್ಲ’ ಎನಿಸಿಕೊಂಡು ಬಂದ ಕಾರುಗಳೆಲ್ಲ ಅವಳನ್ನು ಕರೆದವು. ಇಂದು ಅವಳ ಕೈಕೆಳಗೆ ಆರು ಮಂದಿ ಇದ್ದಾರೆ. ಗಾಜಿನ ಕೋಣೆ ಇಲ್ಲ. ಅವಳ ಬೋರ್ಡಿನಲ್ಲಿ ಇರುವುದು ಇಷ್ಟೇ: ‘ಕಾರು ಎಲ್ಲಿ, ಯಾವಾಗ ಕೆಡುತ್ತದೆ ಹೇಳಿ. ಆಗ ಬರುತ್ತೇವೆ.’

ಕತೆ ಮುಗಿಯಿತು. ಉಮಾಪತಿಯ ಮುಖ ಅರಳಿತ್ತು.

“ಹಾಗಾದರೆ ಆಕೆಯನ್ನು ಗೆಲ್ಲಿಸಿದ್ದು ಚಿಕ್ಕಂದಿನ ಪ್ರೀತಿಯೇ. ನನ್ನದೂ ಅಂಥದೇ, ಗುರುಗಳೇ. ನಾಳೆ ಧೈರ್ಯವಾಗಿ ತಂದೆಗೆ ಹೇಳುತ್ತೇನೆ.” ಅವನು ಏಳಲು ಹೋಗಿ, ಏನೋ ನೆನಪಾದವನಂತೆ ಮತ್ತೆ ಕೂತ. “ಒಂದು ಕೇಳುವುದು ಮರೆತೆ. ಆಕೆ ಈಗ ಓಡಾಡುವುದು ಯಾವ ಕಾರಿನಲ್ಲಿ?”

ಗುರುಗಳು ಅವನನ್ನೇ ನೋಡಿದರು.

“ಮೂರು ಪ್ರಶ್ನೆ ಕೇಳಿದೆ, ಉಮಾಪತಿ; ಬೆಳಿಗ್ಗೆ ಹೊರಡದ ಕಾರು ಮಧ್ಯಾಹ್ನ ಹೇಗೆ ಹೊರಟಿತೆಂದು ಮಾತ್ರ ಕೇಳಲಿಲ್ಲ.”