ಅಳತೆಯ ರವಿಕೆ

“ಗುರುಗಳೇ, ಸದಾ ಮನಸ್ಸಿನಲ್ಲೇ ಇರುವವರನ್ನು ಹೋಗಿ ನೋಡಲೇಬೇಕೇ?”

ಪಾಠ ಮುಗಿದ ಮೇಲೆ ಶಿಷ್ಯನೊಬ್ಬ ಹೀಗೆ ಕೇಳಿದ. ಅವನನ್ನು ಸಾಕಿ ಓದಿಸಿದವರು ಅವನ ಸೋದರಮಾವ. ಅವರ ಊರು ಎರಡು ದಿನದ ದಾರಿ. ಶಿಷ್ಯ ಗುರುಗಳ ಬಳಿಗೆ ಬಂದು ಆರು ವರ್ಷವಾಗಿತ್ತು. ಅಷ್ಟರಲ್ಲಿ ಅವನು ಒಮ್ಮೆಯೂ ಅಲ್ಲಿಗೆ ಹೋಗಿರಲಿಲ್ಲ.

“ಮಾವನನ್ನು ನಾನು ಮರೆತಿಲ್ಲ” ಎಂದ ಶಿಷ್ಯ. “ಪ್ರತಿ ಯುಗಾದಿಗೆ ಒಂದು ಗ್ರಂಥವನ್ನು ನನ್ನ ಕೈಯಾರೆ ನಕಲು ಮಾಡಿ ಕಳುಹಿಸುತ್ತೇನೆ. ತಲುಪಿತೇ ಎಂದು ಕೇಳುತ್ತೇನೆ. ತಲುಪಿತು ಎಂದು ಉತ್ತರ ಬರುತ್ತದೆ. ಅವರ ನಡಿಗೆ, ಅವರ ನಗು ಎಲ್ಲವೂ ಕಣ್ಣಿಗೆ ಕಟ್ಟಿದ ಹಾಗಿದೆ. ಇನ್ನು ಹೋಗಿ ನೋಡುವುದೇನಿದೆ?”

ಗುರುಗಳು ಒಂದು ಕಥೆ ಹೇಳತೊಡಗಿದರು.

ಒಬ್ಬ ಹೆಂಗಸಿಗೆ ಹೊಲಿಗೆಯೆಂದರೆ ಪ್ರೀತಿ. ಅವಳು ಹೊಟ್ಟೆಪಾಡಿಗೆ ಹೊಲಿದವಳಲ್ಲ. ತನ್ನ ಬಟ್ಟೆಯನ್ನು ತಾನೇ ಕತ್ತರಿಸಿ, ತಾನೇ ಹೊಲಿದು ತೊಡುವುದರಲ್ಲಿ ಅವಳಿಗೊಂದು ಸುಖವಿತ್ತು. ಮನೆಗೆಲಸ ಮುಗಿದೊಡನೆ ಕಿಟಕಿಯ ಬಳಿ ಹೊಲಿಗೆ ಯಂತ್ರದ ಮುಂದೆ ಕೂರುತ್ತಿದ್ದಳು. ಹೊಲಿಗೆ ಕೂದಲೆಳೆಯಷ್ಟು ಸೊಟ್ಟಗಾದರೂ ಬಿಚ್ಚಿ ಮತ್ತೆ ಹೊಲಿಯುತ್ತಿದ್ದಳು.

ಅವಳಿಗೆ ಒಬ್ಬಳೇ ತಂಗಿ. ತಾಯಿ ಬೇಗ ತೀರಿಕೊಂಡದ್ದರಿಂದ ತಂಗಿಯನ್ನು ಬೆಳೆಸಿದವಳು ಇವಳೇ. ತಂಗಿ ತೊಟ್ಟ ಲಂಗ, ರವಿಕೆ ಎಲ್ಲವೂ ಅಕ್ಕನ ಕೈಯ ಹೊಲಿಗೆ. ತಂಗಿಗೆ ಮಾತ್ರ ಸೂಜಿಗೆ ದಾರ ಪೋಣಿಸಲೂ ಬರುತ್ತಿರಲಿಲ್ಲ.

“ಹರಿದದ್ದಕ್ಕೆ ಗಂಟು ಹಾಕುವವಳು ನೀನು” ಎಂದು ಅಕ್ಕ ಹಂಗಿಸುತ್ತಿದ್ದಳು.

“ನೀನಿರುವಾಗ ನಾನೇಕೆ ಕಲಿಯಲಿ?” ಎಂದು ತಂಗಿ ನಗುತ್ತಿದ್ದಳು.

ತಂಗಿಗೆ ದೂರದ ಊರಿಗೆ ಮದುವೆಯಾಯಿತು. ಹೊರಡುವ ದಿನ ಅವಳು ತನ್ನ ರವಿಕೆಯೊಂದನ್ನು ತಂದು ಅಕ್ಕನ ಕೈಗಿಟ್ಟಳು.

“ಇದು ಅಳತೆಗೆ ಇರಲಿ ಅಕ್ಕಾ. ಅಲ್ಲಿಯ ದರ್ಜಿಗೆ ನಾನು ಕೊಡುವವಳಲ್ಲ.”

ಅಂದಿನಿಂದ ಪ್ರತಿ ಗೌರಿ ಹಬ್ಬಕ್ಕೆ ತವರಿನ ಬಾಗಿನದ ಜೊತೆ ಅಕ್ಕ ಒಂದು ಹೊಸ ರವಿಕೆ ಹೊಲಿದು ಕಳುಹಿಸತೊಡಗಿದಳು. ಅಳತೆಯ ರವಿಕೆಯನ್ನು ಬಟ್ಟೆಯ ಮೇಲೆ ಹರಡಿ, ಸೀಮೆಸುಣ್ಣದಿಂದ ಗೆರೆ ಎಳೆದು ಕತ್ತರಿಸುತ್ತಿದ್ದಳು. ಮದುವೆಯಾದವಳ ಮೈ ತುಂಬುತ್ತದೆ, ಮುಂದೆ ಹೊಲಿಗೆ ಬಿಚ್ಚಿ ಅಗಲಿಸಿಕೊಳ್ಳಲು ಬೇಕಾಗುತ್ತದೆ ಎಂದು ಪಕ್ಕಗಳಲ್ಲಿ ಎರಡು ಬೆರಳು ಬಟ್ಟೆಯನ್ನು ಒಳಗೆ ಬಿಡುತ್ತಿದ್ದಳು. ಗಂಟಿನೊಳಗೆ ಒಂದು ಚೀಟಿ ಇರುತ್ತಿತ್ತು: “ಸರಿಯಾಗಿ ಕೂತಿತೇ? ಬರೆ.”

ಹದಿನೈದು ದಿನಕ್ಕೆ ಉತ್ತರ ಬರುತ್ತಿತ್ತು: “ಸರಿಯಾಗಿ ಕೂತಿದೆ ಅಕ್ಕಾ.”

ಆ ಒಂದು ಸಾಲು ಓದಿದರೆ ಅಕ್ಕನಿಗೆ ವರ್ಷವಿಡೀ ಸಾಕು. ನೆರೆಮನೆಯಾಕೆಗೂ ಅದನ್ನು ಓದಿ ಹೇಳುತ್ತಿದ್ದಳು.

“ಏನಮ್ಮಾ, ಎದುರಿಗೆ ನಿಲ್ಲಿಸಿಕೊಂಡು ಹೊಲಿದರೂ ನಮ್ಮ ದರ್ಜಿಯದು ಬಿಗಿಯಾಗುತ್ತದೆ. ನಿನ್ನದು ಅಷ್ಟು ದೂರ ಹೋಗಿಯೂ ಕೂರುತ್ತದಲ್ಲ!” ಎಂದಳು ನೆರೆಮನೆಯಾಕೆ.

“ನನ್ನ ತಂಗಿಯ ಮೈ ನನ್ನ ಕೈಗೆ ಗೊತ್ತು” ಎಂದಳು ಅಕ್ಕ.

ಮೂರನೆಯ ವರ್ಷದ ಉತ್ತರದಲ್ಲಿ ಇನ್ನೊಂದು ಸಾಲು ಇತ್ತು. “ಸರಿಯಾಗಿ ಕೂತಿದೆ ಅಕ್ಕಾ. ಒಮ್ಮೆ ಬಂದು ಹೊಸದಾಗಿ ಅಳತೆ ತೆಗೆದುಕೊಂಡು ಹೋಗು.”

ಅಕ್ಕ ನಕ್ಕಳು. “ಅಳತೆ ನನ್ನ ಹತ್ತಿರವೇ ಇದೆಯಲ್ಲೇ, ಮರೆತೆಯಾ?” ಎಂದು ಬರೆದಳು.

ಹೋಗಬಾರದೆಂದೇನೂ ಅವಳಿಗಿರಲಿಲ್ಲ. ಪ್ರತಿ ಬೇಸಗೆಯಲ್ಲೂ ಹೊರಡಬೇಕೆಂದುಕೊಳ್ಳುತ್ತಿದ್ದಳು. ಹೊರಡುವ ಮುಂಚೆ ತಂಗಿಗೆಂದು ಒಂದು ಬಟ್ಟೆ ಹಿಡಿದು ಕೂರುತ್ತಿದ್ದಳು. ಅಂಚು ಮಡಿಸುತ್ತಾ, ತೋಳು ಕೂಡಿಸುತ್ತಾ ತಂಗಿಯ ಜೊತೆ ಮಾತನಾಡಿದಂತೆಯೇ ಆಗುತ್ತಿತ್ತು. ಹೊಲಿದು ಮುಗಿಯುವ ಹೊತ್ತಿಗೆ ತಂಗಿಯನ್ನು ನೋಡಿ ಬಂದಷ್ಟು ತೃಪ್ತಿಯಾಗಿ ಪ್ರಯಾಣದ ಮಾತು ಹಿಂದಾಗುತ್ತಿತ್ತು.

ನಾಲ್ಕನೆಯ ವರ್ಷ ಉತ್ತರ ಬರಲು ಒಂದು ತಿಂಗಳಾಯಿತು. ಐದನೆಯ ವರ್ಷ ಎರಡು ತಿಂಗಳು. ಅಕ್ಕ ಅಂಚೆಯವನನ್ನು ಬೈದಳು. ಉತ್ತರದಲ್ಲಿ ಮಾತ್ರ ಅದೇ ಸಾಲು ಇರುತ್ತಿತ್ತು.

ಏಳನೆಯ ವರ್ಷ ಉತ್ತರ ಬರಲಿಲ್ಲ. ತಂಗಿ ತೀರಿಕೊಂಡಳೆಂಬ ಸುದ್ದಿ ಬಂತು.

ಅಕ್ಕ ಆ ಊರನ್ನು ಮೊದಲು ನೋಡಿದ್ದು ಆಗ. ಅವಳು ತಲುಪುವಷ್ಟರಲ್ಲಿ ಎಲ್ಲವೂ ಮುಗಿದಿತ್ತು. ಹನ್ನೊಂದನೆಯ ದಿನ ತಂಗಿಯ ಗಂಡ ಒಂದು ಗಂಟು ತಂದು ಅವಳ ಮುಂದಿಟ್ಟ.

“ಇವು ನೀವು ಹೊಲಿದವು ಅತ್ತಿಗೆ. ಬೇರೆಯವರಿಗೆ ಕೊಡಲು ಮನಸ್ಸಾಗಲಿಲ್ಲ.”

ಗಂಟಿನಲ್ಲಿ ಏಳು ರವಿಕೆಗಳಿದ್ದವು. ಅಕ್ಕ ಒಂದೊಂದನ್ನೇ ತೆಗೆದು, ಅಭ್ಯಾಸದಂತೆ ಒಳಮಗ್ಗುಲು ತಿರುಗಿಸಿ ನೋಡಿದಳು. ಮೊದಲಿನ ಎರಡು ಅವಳು ಹೊಲಿದ ಹಾಗೆಯೇ ಇದ್ದವು. ಮೂರನೆಯದರಲ್ಲಿ ಅವಳ ಹೊಲಿಗೆಯ ಪಕ್ಕದಲ್ಲೇ ಕೈಯಿಂದ ಹಾಕಿದ ಇನ್ನೊಂದು ಹೊಲಿಗೆ ಇತ್ತು. ಎಳೆಗಳು ಒಂದು ಉದ್ದ, ಒಂದು ಗಿಡ್ಡ. ಕೊನೆಯಲ್ಲಿ ದಾರದ ದೊಡ್ಡ ಗಂಟು. ತನ್ನ ಹೊಲಿಗೆಯನ್ನು ಯಾರೋ ಕೆಡಿಸಿದರಲ್ಲ ಎಂದು ಅವಳಿಗೆ ಮೊದಲು ಸಿಟ್ಟೇ ಬಂತು.

ಆಮೇಲೆ ಆ ಗಂಟು ಯಾರದೆಂದು ಗುರುತು ಸಿಕ್ಕಿತು.

ಮೂರನೆಯ ರವಿಕೆಯನ್ನು ಎರಡೂ ಪಕ್ಕದಲ್ಲಿ ಅರ್ಧ ಬೆರಳು ಒಳಗೆ ಹಿಡಿಯಲಾಗಿತ್ತು. ನಾಲ್ಕನೆಯದನ್ನು ಒಂದು ಬೆರಳು. ಐದನೆಯದರಲ್ಲಿ ತೋಳುಗಳನ್ನೂ ಹಿಡಿಯಲಾಗಿತ್ತು. ಆರನೆಯದರ ಭುಜಗಳನ್ನೂ ಬಿಟ್ಟಿರಲಿಲ್ಲ. ಅದರೊಳಗೆ ಮಡಚಿ ಹೊಲಿದಿದ್ದ ಬಟ್ಟೆಯೇ ಹೊರಗೆ ಉಳಿದದ್ದಕ್ಕಿಂತ ದಪ್ಪವಾಗಿತ್ತು. ವರ್ಷದಿಂದ ವರ್ಷಕ್ಕೆ ಎಳೆಗಳು ನೇರವಾಗುತ್ತಾ ಬಂದಿದ್ದವು. ತಂಗಿ ಹೊಲಿಗೆ ಕಲಿತಿದ್ದಳು.

ಏಳನೆಯದರ ಒಂದು ಪಕ್ಕ ಮಾತ್ರ ಮುಗಿದಿತ್ತು.

ಅಕ್ಕ ಆರನೆಯ ರವಿಕೆಯನ್ನು ತನ್ನ ಎರಡು ಅಂಗೈಗಳ ನಡುವೆ ಅಗಲಿಸಿ ಹಿಡಿದು ನೋಡಿದಳು. ಹತ್ತು ವರ್ಷದ ಹುಡುಗಿಗೆ ಆಗುವಷ್ಟಿತ್ತು.

“ಯಾವಾಗಿನಿಂದ?” ಎಂದು ಕೇಳಿದಳು.

“ಐದು ವರ್ಷ” ಎಂದ ತಂಗಿಯ ಗಂಡ. “ವೈದ್ಯರಿಗೆ ತೋರಿಸಿದೆವು, ಪಥ್ಯ ಮಾಡಿಸಿದೆವು. ಮೈ ಹಿಡಿಯಲಿಲ್ಲ.”

“ನನಗೆ ಒಂದು ಮಾತು ತಿಳಿಸಬಾರದಿತ್ತೇ?”

“ಬರೆಯಲೇ ಎಂದು ಕೇಳಿದೆ. ಬೇಡ ಎಂದಳು. ‘ಹೆದರಿಸಿ ಕರೆಸಿಕೊಂಡ ಹಾಗಾಗುತ್ತದೆ, ಅಕ್ಕ ತಾನಾಗಿಯೇ ಬರಲಿ’ ಎಂದಳು. ಬೇಸಗೆ ಬಂದರೆ ಬಾಗಿಲು ಕಾಣುವ ಹಾಗೆ ಹಾಸಿಗೆ ಹಾಕಿಸಿಕೊಳ್ಳುತ್ತಿದ್ದಳು.”

ಅಕ್ಕ ರವಿಕೆಗಳನ್ನು ಮತ್ತೆ ಗಂಟು ಕಟ್ಟಿಕೊಂಡಳು. ಊರಿಗೆ ಮರಳಿದಳು. ಅವಳ ಕೈ ಕೆಟ್ಟಿರಲಿಲ್ಲ, ಕಣ್ಣು ಮಂಜಾಗಿರಲಿಲ್ಲ. ಆದರೂ ಯಂತ್ರದ ಮುಂದೆ ಕೂತಾಗ ಬಟ್ಟೆಯನ್ನು ಎಲ್ಲಿ ಕತ್ತರಿಸಬೇಕೆಂದು ಅವಳಿಗೆ ತಿಳಿಯುತ್ತಿರಲಿಲ್ಲ.

ಇಷ್ಟು ಹೇಳಿ ಗುರುಗಳು ನಿಲ್ಲಿಸಿದರು.

ಶಿಷ್ಯ ತಲೆ ತಗ್ಗಿಸಿ ಯೋಚಿಸಿದ. ಅವನಿಗೆ ಅಕ್ಕನ ಮೇಲೆ ಕನಿಕರ ಉಂಟಾಗಿತ್ತು. ತಪ್ಪನ್ನೆಲ್ಲ ಅವಳ ಮೇಲೆ ಹೊರಿಸುವುದು ನ್ಯಾಯವಲ್ಲ ಎನಿಸಿತು.

“ಗುರುಗಳೇ, ಅಕ್ಕ ಪ್ರತಿ ವರ್ಷವೂ ವಿಚಾರಿಸುತ್ತಿದ್ದಳಲ್ಲ? ತಂಗಿಯೇ ಸುಳ್ಳು ಬರೆದಳು. ಮೈಗೆ ದೊಗಳೆಯಾದದ್ದನ್ನು ಸರಿಯಾಗಿ ಕೂತಿದೆ ಎಂದು ಬರೆದರೆ ದೂರದಲ್ಲಿದ್ದವಳಿಗೆ ತಿಳಿಯುವುದು ಹೇಗೆ?”

ಗುರುಗಳು ಅವನ ಮುಖವನ್ನೇ ನೋಡುತ್ತಾ ಹೇಳಿದರು:

“ತಂಗಿ ಸುಳ್ಳು ಬರೆಯಲಿಲ್ಲ, ಅಕ್ಕ ಕೇಳಿದ್ದು ರವಿಕೆಯ ಕ್ಷೇಮವನ್ನು.”