ಮೌಖಿಕ ಆದೇಶದ ಮೇರೆಗೆ

ಪ್ರೊಬೇಷನ್‌ನಲ್ಲಿದ್ದ ಸಹಾಯಕ ಪ್ರಾಧ್ಯಾಪಕಿ ತಸ್ನೀಮ್ ಆಗ ಐದು ತಿಂಗಳ ಗರ್ಭಿಣಿ. ನೌಕರಿ ಖಾಯಂ ಆಗಲು ವಿಭಾಗದ ಮುಖ್ಯಸ್ಥರ ವರದಿ ಬೇಕಿತ್ತು. ಅವರು ಅವಳನ್ನು ಕರೆದು, "ಹೆರಿಗೆ ರಜೆ ಬೇಡ ಅಂತ ಬರೆದುಕೊಡಮ್ಮ. ಆಮೇಲೆ ವರದಿ ಕಳಿಸ್ತೀನಿ" ಅಂದರು.

ಅವಳು ಅಳುತ್ತಾ ಹಿರಿಯ ಪ್ರಾಧ್ಯಾಪಕಿ ನೀಲಾಂಬಿಕಾ ಅವರ ಕೋಣೆಗೆ ಹೋದಳು.

"ಬರೆದುಕೊಡು. ಆದರೆ ನಾನು ಹೇಳಿದ ಹಾಗೆ ಬರೆ" ಅಂದರು ನೀಲಾಂಬಿಕಾ.

ಮರುದಿನ ಮುಖ್ಯಸ್ಥರು ಪತ್ರ ಓದಿದರು: "ರಜೆ ಬಿಟ್ಟರೆ ಮಾತ್ರ ವರದಿ ಕಳಿಸುವುದಾಗಿ ತಾವು ನೀಡಿದ ಮೌಖಿಕ ಆದೇಶದ ಮೇರೆಗೆ ನಾನು ಹೆರಿಗೆ ರಜೆ ಪಡೆಯುವುದಿಲ್ಲ. ಪ್ರತಿ: ಕುಲಸಚಿವರಿಗೆ."

ಅವರ ಮುಖ ಕಪ್ಪಿಟ್ಟಿತು. "ನಾನೆಲ್ಲಿ ಆದೇಶ ಕೊಟ್ಟೆ? ಸಲಹೆ ಕೊಟ್ಟೆ ಅಷ್ಟೇ!"

"ಹಾಗಾದರೆ ಆದೇಶ ಅನ್ನೋದನ್ನ ಹೊಡೆದುಹಾಕಿ ಸಲಹೆ ಅಂತ ಬರೀಲಾ ಸರ್?"

"ಏನೂ ಬರೀಬೇಡ!" ಅವರು ಪತ್ರ ಹರಿದು ಬುಟ್ಟಿಗೆ ಹಾಕಿದರು.

"ಸರ್, ಕುಲಸಚಿವರ ಪ್ರತಿ ನನ್ನ ಹತ್ತಿರವೇ ಇದೆ. ಕಳಿಸಲೋ, ಬೇಡವೋ?"

ವರದಿ ಅಂದೇ ಮಧ್ಯಾಹ್ನ ಹೋಯಿತು.

ತಸ್ನೀಮ್ ಓಡಿಬಂದು ಎಲ್ಲವನ್ನೂ ಹೇಳಿದಳು. ನೀಲಾಂಬಿಕಾ ನಗಲಿಲ್ಲ.

"ಹದಿನೆಂಟು ವರ್ಷದ ಹಿಂದೆ ನಾನೂ ಬರೆದುಕೊಟ್ಟೆ. ಆಗಿನ ಮುಖ್ಯಸ್ಥರು ಹೇಳಿದ ಹಾಗೇ ಬರೆದೆ. ಏಳನೇ ತಿಂಗಳಲ್ಲಿ ಪರೀಕ್ಷಾ ಕೊಠಡಿಯಲ್ಲಿ ನೋವು ಬಂತು. ಮಗು ಉಳಿಯಲಿಲ್ಲ. ನೌಕರಿ ಖಾಯಂ ಆಯ್ತು."

ತಸ್ನೀಮ್ ಅವರ ಕೈ ಹಿಡಿದುಕೊಂಡಳು. ನೀಲಾಂಬಿಕಾ ಮೆಲ್ಲಗೆ ಕೈ ಬಿಡಿಸಿಕೊಂಡು ಒಂದು ಬಿಳಿ ಹಾಳೆ ಮುಂದಿಟ್ಟರು.

"ಕೂತ್ಕೋ. ರಜೆ ಅರ್ಜಿ ಈಗಲೇ ಬರೆ. ಕೊಟ್ಟ ಮೇಲೆ ಸೀಲು ಹಾಕಿಸಿಕೊಳ್ಳದೆ ಅಲ್ಲಿಂದ ಕದಲಬೇಡ."