ಹಾಸಿಗೆಯ ತಲೆಭಾಗ

"ಮೇಡಂ, ಒಳ್ಳೆಯ ದಾದಿಗೆ ಸಿಟ್ಟು ಬರಬಾರದು ಎಂದು ಎಲ್ಲರೂ ಹೇಳುತ್ತಾರೆ. ಸಿಟ್ಟನ್ನು ಗೆಲ್ಲುವುದು ಹೇಗೆ?" ಎಂದು ನಾಗವೇಣಿ ಕೇಳಿದಳು.

ಅವಳು ಶುಶ್ರೂಷೆ ಕಲಿಯುತ್ತಿದ್ದವಳು. ಕೇಳಿದ್ದು ತಾರಾಬಾಯಿಯವರನ್ನು; ಮೂವತ್ತು ವರ್ಷಗಳಿಂದ ದಾದಿಯರಿಗೆ ಪಾಠ ಹೇಳುತ್ತಿದ್ದವರನ್ನು. ಅವರು ಈ ಕತೆ ಹೇಳಿದರು.

ಒಂದು ಆಸ್ಪತ್ರೆಯ ತೀವ್ರ ನಿಗಾ ಘಟಕದಲ್ಲಿ ಒಬ್ಬ ದಾದಿ ಇದ್ದಳು. ಕೆಲಸದಲ್ಲಿ ಚುರುಕು, ಮಾತಿನಲ್ಲಿ ಮೆದು. ತಾವಾಗಿ ಉಸಿರಾಡಲಾಗದವರನ್ನು ಅಲ್ಲಿ ಯಂತ್ರಕ್ಕೆ ಹಾಕುತ್ತಿದ್ದರು. ಬಂದ ಕಾಯಿಲೆ ಇಳಿಯುತ್ತಿರುವಾಗಲೇ, ನಾಲ್ಕನೆಯ ದಿನವೋ ಐದನೆಯ ದಿನವೋ, ಕೆಲವರಿಗೆ ಜ್ವರ ಏರುತ್ತಿತ್ತು. ಎದೆ ಕಟ್ಟಿ ನ್ಯುಮೋನಿಯಾ ಆಗುತ್ತಿತ್ತು. ಅದರಲ್ಲಿ ಕೆಲವರು ಸಾಯುತ್ತಿದ್ದರು. "ಇಲ್ಲಿ ಇದು ಇದ್ದದ್ದೇ" ಎಂದು ಎಲ್ಲರೂ ಸುಮ್ಮನಾಗುತ್ತಿದ್ದರು.

ದಾದಿ ಸುಮ್ಮನಾಗಲಿಲ್ಲ. ಅಂಗಾತ ಮಲಗಿದವರ ಬಾಯಿಯ ನೀರು, ಹೊಟ್ಟೆಯ ಆಹಾರ ಹಿಮ್ಮರಳಿ ಶ್ವಾಸಕೋಶಕ್ಕೆ ಇಳಿಯುತ್ತಿರಬಹುದೇ ಎಂದು ಅವಳಿಗೆ ಸಂಶಯ ಬಂತು. ಹಾಸಿಗೆಯ ತಲೆಭಾಗವನ್ನು ಎತ್ತಿಡಿ ಎಂದು ಕೆಲವು ವೈದ್ಯರು ಹೇಳುತ್ತಿದ್ದರು. ಮಟ್ಟಸವಾಗಿಯೇ ಇರಲಿ ಎಂದು ಕೆಲವರು. ಒಂದು ವರ್ಷ ಅವಳು ಒಬ್ಬೊಬ್ಬ ರೋಗಿಯನ್ನೂ ಗಮನಿಸಿ ಬರೆದಿಟ್ಟಳು: ಮಲಗಿದ್ದು ಹೇಗೆ, ಬಾಯಿ ಶುಚಿ ಮಾಡಿದ್ದು ಎಷ್ಟು ಸಲ, ಜ್ವರ ಬಂತೇ ಇಲ್ಲವೇ. ಕೆಲಸ ಮುಗಿದ ಮೇಲೆ ಗ್ರಂಥಾಲಯದಲ್ಲಿ ಕುಳಿತು ಬೇರೆ ಊರುಗಳ ದಾದಿಯರ ವರದಿಗಳನ್ನು ಓದಿದಳು. ತಲೆ ಎತ್ತಿ ಮಲಗಿಸಿದವರಲ್ಲಿ ನ್ಯುಮೋನಿಯಾ ಕಡಿಮೆಯೆಂದು ಅವರೂ ಕಂಡಿದ್ದರು. ಅವಳ ಲೆಕ್ಕದಲ್ಲಿ ಮಟ್ಟಸವಾಗಿ ಮಲಗಿದ್ದ ನಲವತ್ತು ಮಂದಿಯಲ್ಲಿ ಹದಿನಾಲ್ವರಿಗೆ ನ್ಯುಮೋನಿಯಾ ಆಗಿತ್ತು. ತಲೆ ಎತ್ತಿ ಮಲಗಿಸಿದ್ದ ನಲವತ್ತರಲ್ಲಿ ನಾಲ್ವರಿಗೆ.

ಬರೆದದ್ದನ್ನು ಅವಳು ಮುಖ್ಯ ವೈದ್ಯನ ಮುಂದಿಟ್ಟಳು. ಅವನು ಒಂದು ಹಾಳೆಯನ್ನೂ ತಿರುವಲಿಲ್ಲ.

"ಸಂಶೋಧನೆ ಮಾಡಲು ನಾವಿದ್ದೇವೆ, ಸಿಸ್ಟರ್. ನಾವು ಹೇಳಿದಷ್ಟು ನೀವು ಮಾಡಿ."

ಅಂದೇ ಅವನು ಆದೇಶ ಹೊರಡಿಸಿದ. ಎಲ್ಲ ಹಾಸಿಗೆಗಳೂ ಮಟ್ಟಸವಾಗಿರಬೇಕು. ತನ್ನನ್ನು ಕೇಳದೆ ಯಾರೂ ಮುಟ್ಟಬಾರದು.

ದಾದಿಗೆ ಸಿಟ್ಟು ಉಕ್ಕಿತು. ನುಂಗಿಕೊಂಡಳು. ಎರಡು ತಿಂಗಳು ತನ್ನ ಕೈಯಿಂದಲೇ ಹಾಸಿಗೆಗಳನ್ನು ಮಟ್ಟ ಮಾಡಿದಳು. ಅವಳ ತಾಳ್ಮೆಯನ್ನು ಎಲ್ಲರೂ ಹೊಗಳಿದರು.

ಆಗ ಒಬ್ಬ ಟೈಲರನ ಹೆಂಡತಿಯನ್ನು ತಂದರು. ನಾಗರಹಾವು ಕಚ್ಚಿತ್ತು. ಯಂತ್ರಕ್ಕೆ ಹಾಕಿದರು, ಔಷಧಿ ಕೊಟ್ಟರು. ಮೂರನೆಯ ದಿನ ಅವಳು ಕಣ್ಣು ಬಿಟ್ಟಳು, ಗಂಡನ ಬೆರಳು ಹಿಡಿದಳು. ಐದನೆಯ ದಿನ ಜ್ವರ ಏರಿತು. ಎಂಟನೆಯ ದಿನ ಬೆಳಿಗ್ಗೆ ಸತ್ತಳು.

ಗಂಡ ದಾದಿಯ ಬಳಿ ಬಂದು ಕೇಳಿದ: "ವಿಷ ಇಳಿದಿದೆ ಅಂದಿದ್ದಿರಲ್ಲ ಸಿಸ್ಟರ್. ಮತ್ತೆ ಏನಾಯಿತು?"

ಏನಾಯಿತೆಂದು ಅವಳಿಗೆ ಗೊತ್ತಿತ್ತು. ಹೋಗಿ ತಾನು ಬರೆದಿಟ್ಟ ಹಾಳೆಗಳನ್ನು ತಂದಳು.

ಸ್ವಲ್ಪ ಹೊತ್ತಿಗೆ ಮುಖ್ಯ ವೈದ್ಯ ತನ್ನ ಶಿಷ್ಯರೊಡನೆ ರೋಗಿಗಳನ್ನು ನೋಡಲು ಬಂದ. ದಾದಿ ಮುಂದಿನ ಹಾಸಿಗೆಗೆ ಅಡ್ಡ ನಿಂತಳು. ಹಾಳೆಗಳನ್ನು ಅವನತ್ತ ಚಾಚಿದಳು.

"ಆಕೆ ವಿಷದಿಂದ ಸಾಯಲಿಲ್ಲ, ಸರ್. ನಿಮ್ಮ ಆದೇಶದಿಂದ ಸತ್ತಳು, ಅದನ್ನು ಪಾಲಿಸಿದ ನನ್ನ ಕೈಯಿಂದ ಸತ್ತಳು. ಇದನ್ನು ಓದಿ. ಓದುವವರೆಗೆ ನಾನು ಇಲ್ಲಿಂದ ಕದಲುವುದಿಲ್ಲ."

ಎಲ್ಲರೂ ನೋಡುತ್ತಿರುವಾಗ ಅವಳು ಹಿಡಿಕೆ ತಿರುಗಿಸಿ ಆ ಹಾಸಿಗೆಯ ತಲೆಭಾಗವನ್ನು ಎತ್ತಿದಳು. ವೈದ್ಯನ ಮುಖ ಕೆಂಪಾಯಿತು. ಶಿಷ್ಯರ ಎದುರು ಓದದೆ ಬೇರೆ ದಾರಿ ಇರಲಿಲ್ಲ. ನಿಂತುಕೊಂಡೇ ಓದಿದ. ಮತ್ತೆ ಮೊದಲಿನಿಂದ ಓದಿದ.

ಮಧ್ಯಾಹ್ನದೊಳಗೆ ಆದೇಶ ಬದಲಾಯಿತು. ಸಂಜೆಯೊಳಗೆ ದಾದಿಗೆ ಅವಿಧೇಯತೆಯ ನೋಟಿಸು ಬಂತು. ಹೊರರೋಗಿಗಳ ವಿಭಾಗಕ್ಕೆ ವರ್ಗವಾಯಿತು. ಮುಂದಿನ ವರ್ಷ ಆ ಘಟಕದಲ್ಲಿ ನ್ಯುಮೋನಿಯಾ ಬಂದವರು ಬೆರಳೆಣಿಕೆಯಷ್ಟು. ಹಾಸಿಗೆಗಳ ತಲೆ ಯಾಕೆ ಎತ್ತಿದೆಯೆಂದು ಹೊಸದಾಗಿ ಬಂದವರಾರೂ ಕೇಳಲಿಲ್ಲ.

ತಾರಾಬಾಯಿ ಇಲ್ಲಿಗೆ ನಿಲ್ಲಿಸಿದರು.

ನಾಗವೇಣಿ ಕೇಳಿದಳು: "ಅಷ್ಟು ಜನರ ಮುಂದೆ ಹಾಗೆ ಸಿಟ್ಟಾದದ್ದಕ್ಕೆ ಆಕೆ ಆಮೇಲೆ ಪಶ್ಚಾತ್ತಾಪ ಪಟ್ಟಳೇ ಮೇಡಂ?"

"ಪಟ್ಟಳು, ಸಿಟ್ಟನ್ನು ಗೆದ್ದಿದ್ದ ಆ ಎರಡು ತಿಂಗಳಿಗೆ" ಎಂದರು ತಾರಾಬಾಯಿ.